ಬ್ರೇಕ್ ಒತ್ತಿದರೆ ಮಾತ್ರ ಸ್ಟಿಯರಿಂಗ್ ನಡುಗುತ್ತದೆ

ಪ್ರಶ್ನೆ: ವೇಗದಲ್ಲಿ ಹೋಗುವಾಗ ಬ್ರೇಕ್ ಒತ್ತಿದರೆ ಸ್ಟಿಯರಿಂಗ್ ನಡುಗುತ್ತದೆ. ಸರ್ವೀಸಿಗೆ ಬಿಟ್ಟಾಗಲೆಲ್ಲ ವೀಲ್ ಬ್ಯಾಲೆನ್ಸಿಂಗ್ ಮಾಡಿ ಬಿಲ್ ಕೊಡುತ್ತಾರೆ, ನಡುಕ ಹಾಗೇ ಇದೆ. ಹೆದರಿ ನಿಧಾನ ಹೋದರೆ ಹಿಂದಿನವರು ಬಂಪರಿಗೆ ಅಂಟಿಕೊಂಡು ಹಾರ್ನ್ ಹೊಡೆಯುತ್ತಾರೆ. ಮನೆಗೆ ಬಂದರೆ ಬಾಡಿಗೆ ಮನೆಯಲ್ಲಿ ಕೋಣೆ ಬೆಚ್ಚಗಿಡುವ ಬಿಸಿನೀರಿನ ರೇಡಿಯೇಟರ್ ಕೆಳಗಷ್ಟೇ ಬಿಸಿ, ಮೇಲೆ ತಣ್ಣಗೆ. ಮಾಲೀಕರು ‘ಓಡ್ತಾ ಇದೆಯಲ್ಲ’ ಅಂತಾರೆ. ಏನು ಮಾಡಲಿ?

ಉತ್ತರ: ಮೊದಲು ಬ್ರೇಕ್ ವಿಷಯ, ಅದನ್ನು ಮುಂದೂಡುವಂತಿಲ್ಲ. ಬ್ಯಾಲೆನ್ಸಿಂಗ್ ತಪ್ಪಿದ್ದರೆ ಬ್ರೇಕ್ ಮುಟ್ಟದಿದ್ದರೂ ಒಂದು ವೇಗ ದಾಟಿದ ಮೇಲೆ ಸ್ಟಿಯರಿಂಗ್ ನಡುಗುತ್ತದೆ. ಒತ್ತಿದಾಗ ಮಾತ್ರ ನಡುಗಿದರೆ ನೋಡಬೇಕಾದದ್ದು ಮುಂದಿನ ಡಿಸ್ಕ್‌ಗಳನ್ನು, ಅಂದರೆ ಚಕ್ರದ ಜೊತೆ ತಿರುಗುವ, ಬ್ರೇಕ್ ಪ್ಯಾಡ್ ಹಿಡಿಯುವ ಲೋಹದ ತಟ್ಟೆಗಳನ್ನು. ಡಿಸ್ಕಿನ ದಪ್ಪದಲ್ಲಿ ಮಿಲಿಮೀಟರಿನ ನೂರರಲ್ಲಿ ಒಂದೆರಡು ಭಾಗ ಹೆಚ್ಚುಕಡಿಮೆ ಆದರೂ ಸಾಕು, ಕೈಗೆ ಗೊತ್ತಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಮೈಕ್ರೋಮೀಟರ್ ಹಿಡಿದು ಡಿಸ್ಕಿನ ಸುತ್ತ ಹಲವು ಕಡೆ ಅಳೆಯಬೇಕು, ಡಯಲ್ ಗೇಜ್ ಇಟ್ಟು ತಿರುಗಿಸಿ ಓಲಾಟ ನೋಡಬೇಕು. ಡಿಸ್ಕ್ ಕೂರುವ ಹಬ್ ಮೇಲೆ ತುಕ್ಕು ಕೂತಿದ್ದರೆ, ಏರ್ ಗನ್ನಿನಿಂದ ಚಕ್ರದ ನಟ್‌ಗಳನ್ನು ಒಂದೊಂದನ್ನು ಒಂದೊಂದು ಬಿಗಿಗೆ ತಿರುಗಿಸಿದ್ದರೆ, ಹೊಸ ಡಿಸ್ಕ್ ಹಾಕಿದರೂ ನಡುಕ ಮರಳಿ ಬರಬಹುದು. ಹಬ್ ಉಜ್ಜಿ, ಬಿಗಿ ಅಳೆದು ತಿರುಗಿಸುವ ಟಾರ್ಕ್ ವ್ರೆಂಚಿನಲ್ಲಿ ಬಿಗಿಮಾಡಿ ಎಂದು ಬಾಯಿಬಿಟ್ಟು ಕೇಳಿ.

ಇಷ್ಟು ವರ್ಷ ಗಾಡಿಗಳ ಕೆಳಗೆ ಮಲಗಿ ಕೆಲಸ ಮಾಡಿದವಳಾಗಿ ಒಂದು ಮಾತು. ನೀವು ಕೌಂಟರಿನಲ್ಲಿ ಹೇಳಿದ್ದು ಮೆಕ್ಯಾನಿಕ್ ಕಿವಿಗೆ ಬೀಳುವುದೇ ಇಲ್ಲ. ಅವನಿಗೆ ಸಿಗುವುದು ಕೌಂಟರಿನಲ್ಲಿ ದೂರು ಬರೆದುಕೊಳ್ಳುವ ಜಾಬ್ ಕಾರ್ಡ್ ಒಂದೇ. ಅದರಲ್ಲಿ ‘ಸ್ಟಿಯರಿಂಗ್ ವೈಬ್ರೇಶನ್’ ಅಂತಿದ್ದರೆ ಅವನು ಬ್ಯಾಲೆನ್ಸಿಂಗ್ ಮಾಡುತ್ತಾನೆ, ಅವನ ತಪ್ಪೇನೂ ಇಲ್ಲ. ಆದ್ದರಿಂದ ‘80ರ ಮೇಲೆ, ಬ್ರೇಕ್ ಒತ್ತಿದಾಗ ಮಾತ್ರ, ಪೆಡಲ್ಲೂ ಮಿಡಿಯುತ್ತದೆ’ ಎಂದು ನಿಮಗೆ ಆಗುವುದನ್ನು ಆಗುವ ಹಾಗೇ ಬರೆಸಿ, ಓದಿ ನೋಡಿಯೇ ಸಹಿ ಹಾಕಿ. ಯಾವ ಪಾರ್ಟ್ ಹೋಗಿದೆ ಎಂದು ನೀವು ಊಹಿಸಿ ಹೇಳಬೇಡಿ. ಹೇಳಿದ್ದನ್ನೇ ಬದಲಾಯಿಸಿ ಕಳಿಸುತ್ತಾರೆ. ಗಾಡಿ ವಾಪಸ್ ತೆಗೆದುಕೊಳ್ಳುವ ಮುಂಚೆ ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಟ್ರಯಲ್ ಹೋಗಿ. ಈ ನಡುವೆ ಪೆಡಲ್ ಮೆತ್ತಗಾದರೆ, ಗಾಡಿ ಒಂದು ಪಕ್ಕಕ್ಕೆ ಎಳೆದರೆ ಓಡಿಸಲೇಬೇಡಿ.

ಹಿಂದೆ ಅಂಟಿಕೊಳ್ಳುವವರನ್ನು ತಿದ್ದಲು ಹೋಗಬೇಡಿ. ಪಾಠ ಕಲಿಸಲೆಂದು ಬ್ರೇಕ್ ತಟ್ಟುವುದಂತೂ ಬೇಡವೇ ಬೇಡ, ನನಗೆ ಅದನ್ನು ನೆನೆದರೇ ಭಯ. ಬದಲಿಗೆ ನಿಮ್ಮ ಮುಂದಿನ ಅಂತರ ಹೆಚ್ಚಿಸಿ. 100ರ ವೇಗದಲ್ಲಿ ಎರಡು ಸೆಕೆಂಡಿಗೆ ಗಾಡಿ ಸುಮಾರು 55 ಮೀಟರ್ ಹೋಗಿರುತ್ತದೆ. ಅದಕ್ಕಿಂತ ಜಾಸ್ತಿಯೇ ಬಿಟ್ಟರೆ ನೀವು ಮೆಲ್ಲಗೆ ಬ್ರೇಕ್ ಹಿಡಿಯಬಹುದು, ಹಿಂದಿನವನಿಗೂ ಸಮಯ ಸಿಗುತ್ತದೆ. ಜಾಗ ಸಿಕ್ಕ ಕೂಡಲೇ ದಾರಿ ಬಿಡಿ.

ರೇಡಿಯೇಟರ್ ಮೇಲೆ ತಣ್ಣಗಿದ್ದರೆ ಒಳಗೆ ಗಾಳಿ ಸೇರಿದೆ ಎಂದರ್ಥ. ಮಾಲೀಕರನ್ನು ಕೇಳಿ, ಹೀಟಿಂಗ್ ಆರಿಸಿ, ತಣಿದ ಮೇಲೆ ಮೇಲ್ತುದಿಯ ಸಣ್ಣ ವಾಲ್ವನ್ನು ಅದಕ್ಕೆಂದೇ ಇರುವ ಕೀಲಿಯಿಂದ ತುಸುವೇ ಸಡಿಲಿಸಿ, ಕೆಳಗೆ ಬಟ್ಟೆ ಹಿಡಿಯಿರಿ. ಬುಸ್ ಎನ್ನುವುದು ನಿಂತು ನೀರು ಬಂದ ಕೂಡಲೇ ಮುಚ್ಚಿ. ಆಮೇಲೆ ಆ ನೀರು ಕಾಯಿಸುವ ಬಾಯ್ಲರಿನ ಒತ್ತಡ ಇಳಿದಿದೆಯೇ ನೋಡಿ. ಗಾಳಿ ಮತ್ತೆ ಮತ್ತೆ ಸೇರುತ್ತಿದ್ದರೆ ಅದು ಮಾಲೀಕರು ಜನ ಕರೆಸಿ ನೋಡಿಸಬೇಕಾದ ಕೆಲಸ. ಅವರಿಗೂ ‘ಚಳಿ’ ಅಂತಷ್ಟೇ ಬರೆಯದೆ, ಯಾವ ಕೋಣೆ, ರೇಡಿಯೇಟರಿನ ಯಾವ ಭಾಗ ತಣ್ಣಗಿದೆ, ಎಷ್ಟು ಹೊತ್ತಿಗೆ ಎಂದು ತಾರೀಖು ಹಾಕಿ ಬರೆದು ಕಳಿಸಿ.