ಕಡಲ ಮಗ್ಗುಲಲ್ಲಿದ್ದೂ ಮುಂಬಯಿಗೆ ಮಬ್ಬೇಕೆ?

ಸಮುದ್ರ ಇಷ್ಟು ಹತ್ತಿರವಿದ್ದರೂ ಡಿಸೆಂಬರ್‌ನಲ್ಲಿ ಮುಂಬಯಿಯ ಚೆಂಬೂರಿನ ಬೆಳಗು ಹೊಗೆ ಕವಿದಂತಿರುವುದು ಏಕೆಂದೂ, ತಮ್ಮ ತಂದೆಯವರು ಯಾವಾಗ ವಾಯುವಿಹಾರಕ್ಕೆ ಹೋಗಬಹುದೆಂದೂ ಕೇಳಿದ್ದೀರಿ.

ಕಡಲು ಹತ್ತಿರವಿದ್ದರೆ ಸಾಲದು, ಗಾಳಿ ಅಲ್ಲಿಂದಲೇ ಬೀಸಬೇಕು. ಹಗಲು ನೆಲ ಕಾದ ಮೇಲೆ ಪಶ್ಚಿಮದ ಕಡಲಗಾಳಿ ಹೊಗೆಯನ್ನು ಚದುರಿಸುತ್ತದೆ. ರಾತ್ರಿ ನೆಲವು ನೀರಿಗಿಂತ ಬೇಗ ತಣಿಯುವುದರಿಂದ ಗಾಳಿ ದಿಕ್ಕು ಬದಲಿಸಿ ಕಡಲಿನತ್ತ ಮೆಲ್ಲಗೆ ಸಾಗುತ್ತದೆ. ಚಳಿಗಾಲದಲ್ಲಿ ಈ ನೆಲಗಾಳಿ ಬಹಳ ಹೊತ್ತು ಉಳಿದು, ಕಡಲಗಾಳಿ ತಡವಾಗಿ ಏಳುತ್ತದೆ. ಅದರ ಜೊತೆಗೆ, ನೆಲಕ್ಕೆ ತಾಗಿದ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಪದರವೊಂದು ಪಾತ್ರೆಯ ಮುಚ್ಚಳದಂತೆ ಕುಳಿತು, ವಾಹನ, ಕಾರ್ಖಾನೆ ಹಾಗೂ ಕಟ್ಟಡ ಕಾಮಗಾರಿಗಳ ಹೊಗೆ-ಧೂಳನ್ನು ಮೇಲೇರಗೊಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 2000 ಮಿ.ಮೀ.ಗೂ ಮಿಕ್ಕಿದ ಮಳೆ ಮತ್ತು ಬಿರುಸಾದ ನೈಋತ್ಯ ಗಾಳಿಯಲ್ಲಿ ಈ ತೊಂದರೆ ಬಹುಮಟ್ಟಿಗೆ ಇರುವುದಿಲ್ಲ. ನಮ್ಮ ಬಾಲ್ಕನಿಯ ತುಳಸಿ ಜುಲೈಯಲ್ಲಿ ಮಿಂದಂತಿರುತ್ತದೆ. ಜನವರಿಯಲ್ಲಿ ಎಲೆ ಮುಟ್ಟಿದರೆ ಬೆರಳು ಕಪ್ಪಾಗುತ್ತದೆ. ಟ್ರಾಂಬೆ ಗುಡ್ಡವೂ ಆಗ ಬಿಸಿಲೇರಿದ ಮೇಲೆಯೇ ಸ್ಪಷ್ಟವಾಗಿ ಕಾಣುವುದು.

ನಸುಕಿನ ಗಾಳಿ ಶುದ್ಧವೆಂಬ ಊರಿನ ನಂಬಿಕೆ ಇಲ್ಲಿಯ ಚಳಿಗಾಲಕ್ಕೆ ಹೊಂದುವುದಿಲ್ಲ. ಹಿರಿಯರು ಮಾರ್ಚ್‌ವರೆಗೆ ಸಂಜೆ ನಾಲ್ಕರ ನಂತರ, ಕಡಲಗಾಳಿ ಬೀಸುವಾಗ, ಮುಖ್ಯರಸ್ತೆಯಿಂದ ದೂರದಲ್ಲಿ ನಡೆಯುವುದು ಒಳ್ಳೆಯದು.