ದೂರದಿಂದ ಕೆಲಸ ಮಾಡುವ ತಂಡಕ್ಕೆ ಫೈಲ್ ಹಂಚಿಕೊಳ್ಳಲು ಯಾವುದು ಸುರಕ್ಷಿತ?

ಇಪ್ಪತ್ತು ಜನ, ಎಲ್ಲರೂ ಬೇರೆ ಬೇರೆ ಕಡೆಯಿಂದ ಕೆಲಸ, ಫೈಲುಗಳೆಲ್ಲ ವಾಟ್ಸ್‌ಆ್ಯಪ್ ಮತ್ತು ಇಮೇಲಿನಲ್ಲಿ ಓಡಾಡುತ್ತಿವೆ. ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್, ನೆಕ್ಸ್ಟ್‌ಕ್ಲೌಡ್‌ಗಳಲ್ಲಿ ಯಾವುದು ಹೆಚ್ಚು ಸುರಕ್ಷಿತ ಎಂದು ಕೇಳಿದ್ದೀರಿ. (ಮೊದಲೆರಡು ಕಂಪನಿಗಳು ನಡೆಸುವ ಆನ್‌ಲೈನ್ ಸೇವೆಗಳು, ಮೂರನೆಯದು ಸ್ವಂತ ಸರ್ವರಿನಲ್ಲೂ ಇಟ್ಟುಕೊಳ್ಳಬಹುದಾದ ತಂತ್ರಾಂಶ.) ಸಣ್ಣ ಸಂಸ್ಥೆಗಳ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವುದು ನನ್ನ ಕಸುಬು. ನಾನು ಕಂಡ ಸೋರಿಕೆಗಳಲ್ಲಿ ಗೂಢಲಿಪಿಯನ್ನು (ಕೀಲಿಯಿಲ್ಲದೆ ಓದಲಾಗದಂತೆ ಮಾಡುವ ಎನ್‌ಕ್ರಿಪ್ಶನ್) ಭೇದಿಸಿ ಒಳನುಗ್ಗಿದ್ದು ಒಂದೂ ಇಲ್ಲ. ಯಾರೋ ಕೊಟ್ಟ ಪ್ರವೇಶವನ್ನು ಯಾರೂ ಹಿಂದಕ್ಕೆ ಪಡೆದಿರಲಿಲ್ಲ, ಅಷ್ಟೇ.

ಹಾಗಾಗಿ ಮೊದಲು ನೋಡಬೇಕಾದದ್ದು ಫೈಲಿನ ಒಡೆತನ. ನೌಕರರು ತಮ್ಮ ಸ್ವಂತ ಉಚಿತ ಖಾತೆಯಲ್ಲಿ ಕಡತ ತೆರೆದು ಉಳಿದವರಿಗೆ ಹಂಚಿದರೆ ಆ ಕಡತ ಅವರ ಹೆಸರಿನಲ್ಲೇ ಇರುತ್ತದೆ. ಅವರು ಕೆಲಸ ಬಿಟ್ಟ ದಿನ ನಿಮ್ಮ ಲೆಕ್ಕಪತ್ರವೂ ಅವರೊಂದಿಗೆ ಹೊರಡುತ್ತದೆ. ಕೊಡಿ ಎಂದು ಬೇಡುವುದು ಬಿಟ್ಟರೆ ನಿಮಗೆ ಬೇರೆ ದಾರಿಯಿಲ್ಲ. ಹಣ ಕೊಟ್ಟು ಪಡೆಯುವ ವ್ಯವಹಾರ ಖಾತೆಗಳ ನಿಜವಾದ ಬೆಲೆ ಇರುವುದು ಇಲ್ಲಿ, ಹೆಚ್ಚುವರಿ ಜಾಗದಲ್ಲಲ್ಲ. ಗೂಗಲ್‌ನ ಶೇರ್ಡ್ ಡ್ರೈವ್‌ನಲ್ಲಿ ಇಟ್ಟ ಕಡತ ಸಂಸ್ಥೆಯದ್ದು. ಅದನ್ನು ಬರೆದವರು ಹೋದರೂ ಅಲ್ಲೇ ಉಳಿಯುತ್ತದೆ.

ಎರಡನೆಯದು, ‘ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು’ ಎಂಬ ಆಯ್ಕೆ. ಅವಸರದಲ್ಲಿ ಎಲ್ಲರೂ ಒತ್ತುವುದು ಇದನ್ನೇ. ಲಿಂಕು ಒಂದು ಇಮೇಲಿನಿಂದ ಇನ್ನೊಂದಕ್ಕೆ ಹೋಗುತ್ತದೆ, ಗುಂಪಿಗೆ ಬೀಳುತ್ತದೆ, ವರ್ಷಗಳ ನಂತರವೂ ತೆರೆಯುತ್ತದೆ, ತೆರೆದವರು ಯಾರೆಂದು ನಿಮಗೆ ತಿಳಿಯುವುದೂ ಇಲ್ಲ. ಹೆಸರಿಸಿದ ಇಮೇಲ್ ವಿಳಾಸಗಳಿಗೆ ಮಾತ್ರ ಹಂಚುವಂತೆ ನಿರ್ವಾಹಕರ ಖಾತೆಯಿಂದಲೇ ನಿಗದಿಪಡಿಸಿ. ಹೊರಗಿನ ಗ್ರಾಹಕರಿಗೆ ಕೊಟ್ಟದ್ದಕ್ಕೆ ಕೊನೆಯ ದಿನಾಂಕ ಹಾಕಿ. ಡೌನ್‌ಲೋಡ್ ತಡೆಯುವ ಗುಂಡಿಯನ್ನು ಮಾತ್ರ ಹೆಚ್ಚು ನಂಬಬೇಡಿ. ಪರದೆಯ ಚಿತ್ರ ತೆಗೆಯುವವರನ್ನು ಅದು ತಡೆಯಲಾರದು.

ಎರಡು ಹಂತದ ದೃಢೀಕರಣ, ಅಂದರೆ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಪುರಾವೆ (ಫೋನಿಗೆ ಬರುವ ಕೋಡ್‌ನಂಥದ್ದು) ಕೇಳುವುದು, ಎಲ್ಲರಿಗೂ ಕಡ್ಡಾಯವಾಗಲಿ, ಮಾಲೀಕರಿಗೂ. (ವಿನಾಯಿತಿ ಕೇಳುವವರು ಸಾಮಾನ್ಯವಾಗಿ ಅವರೇ.) 2012ರಲ್ಲಿ ಡ್ರಾಪ್‌ಬಾಕ್ಸ್‌ನ ನೌಕರರೊಬ್ಬರು ಬೇರೆಡೆಯೂ ಬಳಸಿದ್ದ ಪಾಸ್‌ವರ್ಡ್ ಕಳ್ಳರ ಕೈಸೇರಿತು. ಆ ವರ್ಷದ ಕಳವಿನಲ್ಲಿ 6 ಕೋಟಿಗೂ ಹೆಚ್ಚು ಖಾತೆಗಳ ವಿವರ ಹೋಗಿತ್ತೆಂಬುದು 2016ರಲ್ಲಷ್ಟೇ ಬಯಲಾಯಿತು.

ಹಾಗಾದರೆ ಸ್ವಂತ ಸರ್ವರಿನಲ್ಲಿ ನೆಕ್ಸ್ಟ್‌ಕ್ಲೌಡ್ ಇಟ್ಟುಕೊಂಡರೆ? ಒಳ್ಳೆಯ ತಂತ್ರಾಂಶ, ನನಗೂ ಇಷ್ಟ. ಆದರೆ ಪರಿಷ್ಕರಣೆ (ದೋಷ ಸರಿಪಡಿಸುವ ಅಪ್‌ಡೇಟ್) ಬಂದ ಕೂಡಲೇ ಹಾಕುವ ವ್ಯಕ್ತಿಯೊಬ್ಬರು ನಿಮ್ಮಲ್ಲಿ ಇಲ್ಲದಿದ್ದರೆ ಬೇಡ. 2023ರ ಮೇ ತಿಂಗಳಲ್ಲಿ ಮೂವಿಟ್ ಎಂಬ ಫೈಲ್ ವರ್ಗಾವಣೆ ತಂತ್ರಾಂಶದ ಒಂದೇ ದೋಷವನ್ನು ಹಿಡಿದು ಕ್ಲಾಪ್ ಎಂಬ ತಂಡ ಜಗತ್ತಿನ ಎರಡು ಸಾವಿರಕ್ಕೂ ಹೆಚ್ಚು ಸಂಸ್ಥೆಗಳ ದತ್ತಾಂಶ ದೋಚಿತು. ‘ಸುರಕ್ಷಿತ ವರ್ಗಾವಣೆ’ಗೆಂದೇ ಕೊಂಡ ಸರಕು ಅದು.

ತುದಿಯಿಂದ ತುದಿಗೆ ಗೂಢಲಿಪಿ ಇರುವ ಸೇವೆಗಳಲ್ಲಿ ಕೀಲಿ ನಿಮ್ಮ ಬಳಿ ಮಾತ್ರ ಇರುತ್ತದೆ, ಸೇವೆ ಕೊಡುವವರೂ ಓದಲಾರರು. ಅದೇ ಕಾರಣಕ್ಕೆ ಅವುಗಳಲ್ಲಿ ಬಹುಪಾಲಿನಲ್ಲಿ ಕಡತದೊಳಗೆ ಹುಡುಕುವುದೂ ಹಲವರು ಒಟ್ಟಿಗೆ ತಿದ್ದುವುದೂ ತೊಡಕು. ಸಂಬಳದ ಪಟ್ಟಿ, ಒಪ್ಪಂದಗಳಂಥ ಕೆಲವಕ್ಕೆ ಬಳಸಿ, ದಿನನಿತ್ಯದ ಕೆಲಸಕ್ಕಲ್ಲ.

ಇನ್ನೊಂದು ಮಾತು: ಸಿಂಕ್ ಆದದ್ದು (ಎಲ್ಲರ ಕಂಪ್ಯೂಟರಿನಲ್ಲೂ ಒಂದೇ ಪ್ರತಿ ತಾನಾಗಿ ಮೂಡುವುದು) ಬ್ಯಾಕಪ್ ಅಲ್ಲ. ಒಬ್ಬರ ಲ್ಯಾಪ್‌ಟಾಪಿಗೆ ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶ) ಹೊಕ್ಕರೆ ಕೆಟ್ಟ ಪ್ರತಿಯೇ ಎಲ್ಲರಿಗೂ ಸಿಂಕ್ ಆಗುತ್ತದೆ. ಹಳೆಯ ಆವೃತ್ತಿಗಳು ಎಷ್ಟು ದಿನ ಉಳಿಯುತ್ತವೆ ಎಂದು ಕೊಳ್ಳುವ ಮುಂಚೆಯೇ ಕೇಳಿ. ಬೇರೆಡೆ ಒಂದು ಪ್ರತಿ ಇರಲಿ.

ನಿಮ್ಮ ಪರಿಸ್ಥಿತಿಗೆ ನನ್ನ ಸಲಹೆ: ಈಗ ನಿಮ್ಮ ಇಮೇಲ್ ಯಾವ ಕಂಪನಿಯದ್ದೋ ಅದರದೇ ವ್ಯವಹಾರ ಆವೃತ್ತಿ ತೆಗೆದುಕೊಳ್ಳಿ. ಗುರುತು, ಪಾಸ್‌ವರ್ಡ್, ಕಡತ ಒಂದೇ ಕಡೆ ಇದ್ದರೆ ಕೆಲಸ ಬಿಟ್ಟವರ ಪ್ರವೇಶವನ್ನು ಒಂದೇ ಬಾರಿಗೆ ಮುಚ್ಚಬಹುದು. ವಾಟ್ಸ್‌ಆ್ಯಪ್‌ನ ಹಳೆಯ ರಾಶಿಯನ್ನೆಲ್ಲ ಮೊದಲ ವಾರವೇ ಸಾಗಿಸಲು ಹೋಗಬೇಡಿ. ಚಾಲ್ತಿಯಲ್ಲಿರುವ ಯೋಜನೆಗಳನ್ನು ಮಾತ್ರ ತನ್ನಿ, ಉಳಿದದ್ದು ಬೇಕೆಂದು ಯಾರಾದರೂ ಕೇಳಿದಾಗ ನೋಡಿದರಾಯಿತು.