ಬೆನ್ನಿನ ಮೇಲಿನ ಉಬ್ಬಿದ ಕಂದು ಕಲೆಗಳಿಗೆ ಸುಣ್ಣ ಹಚ್ಚಬೇಡಿ

60 ದಾಟಿದ ಅಪ್ಪನ ಬೆನ್ನಿಗೆ, ಕಿವಿಯ ಪಕ್ಕಕ್ಕೆ ಉಬ್ಬಿದ ಕಂದು ಕಲೆಗಳು ಎದ್ದಿವೆ, ಸುಣ್ಣ-ಸೋಡಾ ಹಚ್ತಿದ್ದೀವಿ, ಇದೇನು ಅಂತ ಕೇಳಿದ್ದೀರಿ. ಅವು ಹೆಚ್ಚಾಗಿ ಸೆಬೊರಿಕ್ ಕೆರಟೋಸಿಸ್, ಅಂದರೆ ಕ್ಯಾನ್ಸರ್ ಅಲ್ಲದ ಚರ್ಮದ ಉಬ್ಬುಗಳು ಇರಬೇಕು. ನಮ್ಮ ಸೋದರಮಾವನಿಗೂ ಇದೇ ಇತ್ತು. ವಯಸ್ಸಾದಂತೆ ಬರುತ್ತವೆ, ನರಹುಲಿಯ ಹಾಗೆ ಒಬ್ಬರಿಂದ ಒಬ್ಬರಿಗೆ ಹರಡಲ್ಲ. ಹತ್ತಿರದಿಂದ ನೋಡಿ, ಮೇಣದ ಹನಿ ಬಿದ್ದು ಅಂಟಿಕೊಂಡ ಹಾಗೆ ಕಾಣುತ್ತೆ, ಮುಟ್ಟಿದರೆ ಒರಟು, ಅಂಚು ಉಗುರಿಗೆ ಸಿಗುತ್ತೆ. ಆದರೂ ನಾನು ಕಣ್ಣಾರೆ ನೋಡಿಲ್ಲ, ಖಚಿತ ಮಾಡೋದು ಡಾಕ್ಟರೇ.

ಮೊದಲು ಆ ಸುಣ್ಣ-ಸೋಡಾ ಹಚ್ಚೋದನ್ನು ಇವತ್ತೇ ನಿಲ್ಲಿಸಿ. ಚರ್ಮ ಸುಟ್ಟು ಹುಣ್ಣಾಗುತ್ತೆ, ಕಲೆ ಮೊದಲು ಹೇಗಿತ್ತು ಅಂತ ಡಾಕ್ಟರಿಗೂ ಗೊತ್ತಾಗಲ್ಲ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದುಕೊಳ್ಳಿ. ನೀವು ಜಮಖಂಡಿಯವರು ಅಂದಿರಲ್ವಾ, ಬಾಗಲಕೋಟೆಗೆ ಹೋದಾಗ ಚರ್ಮದ ಡಾಕ್ಟರಿಗೆ ಒಮ್ಮೆ ತೋರಿಸಿ, ಸಾಮಾನ್ಯವಾಗಿ ನೋಡಿಯೇ ಹೇಳ್ತಾರೆ. ಅಂಗಿಗೆ ತಿಕ್ಕಿ ತುರಿಕೆ ಬರ್ತಿದ್ರೆ ದ್ರವ ಸಾರಜನಕದಿಂದ (ತುಂಬಾ ತಣ್ಣಗಿನ ದ್ರವ) ಹೆಪ್ಪುಗಟ್ಟಿಸಿಯೋ ಕರೆಂಟಿನಿಂದ ಸುಟ್ಟೋ ತೆಗೀತಾರೆ, ಆ ಜಾಗದಲ್ಲಿ ಬಿಳಿ ಕಲೆ ಉಳಿಯಬಹುದು. ತೊಂದರೆ ಇಲ್ಲದಿದ್ರೆ ಸುಮ್ನೆ ಬಿಡಿ.

ಒಂದು ಕಲೆ ಬೇಗ ಬೆಳೆದರೆ, ತಾನಾಗಿ ರಕ್ತ ಬಂದರೆ, ಒಂದರಲ್ಲೇ ನಾಲ್ಕು ಬಣ್ಣ ಕಂಡರೆ ಅಥವಾ ಕೆಲವೇ ವಾರಗಳಲ್ಲಿ ಹತ್ತಾರು ಒಟ್ಟಿಗೆ ಎದ್ದರೆ ಮಾತ್ರ ಕಾಯಬೇಡಿ, ಅದೇ ವಾರ ಕರೆದುಕೊಂಡು ಹೋಗಿ.